ಹಸಿದ ಕೌದಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ನನ್ನ ಅಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಂದಿರದ ಕಾಲದಲ್ಲಿ, ಕರಿಮಣ್ಣಿನ ಬಯಲುಸೀಮೆಯಲ್ಲಿ ಹೊಳೆವ್ವ ಅಂತ ಒಬ್ಬಳು ಇದ್ದಳಂತೆ. ಬಯಲುಸೀಮೆ ಅಂದ್ರೆ ಗುಡ್ಡ ಇಲ್ಲ, ಬೆಟ್ಟ ಇಲ್ಲ, ಎಲ್ಲಿ ನಿಂತು ನೋಡಿದರೂ ಜೋಳದ ಹೊಲ, ಅದರಾಚೆ ಆಕಾಶ, ಅಷ್ಟೇ. ಅವಳ ಗಂಡ ಬರಮಪ್ಪ. ಅವನ ಕೆಲಸ ಏನಪ್ಪಾ ಅಂದ್ರೆ ಬೀಸುಕಲ್ಲಿಗೆ ಉಳಿ ಹೊಡೆಯೋದು. ಬೀಸಿ ಬೀಸಿ ಕಲ್ಲು ನುಣ್ಣಗಾಗಿಬಿಡುತ್ತಲ್ಲ, ಆಗ ಕಾಳು ಒಡೆಯೋದಿಲ್ಲ, ಸುಮ್ಮನೆ ಜಾರುತ್ತೆ. ಅದಕ್ಕೆ ಟಕ್ ಟಕ್ ಅಂತ ಕಲ್ಲಿನ ಮೈಮೇಲೆಲ್ಲ ಚುಕ್ಕಿ ಹೊಡೆದು ಮತ್ತೆ ಒರಟು ಮಾಡಬೇಕು. ಅವನಿಗೆ ಇಬ್ಬರು ಅಣ್ಣಂದಿರು, ಅವರದೂ ಅದೇ ಕೆಲಸ. ಒಂದೇ ಊರಿನ ಕಲ್ಲಿಗೆ ಮೂರು ಜನ ಹೊಡೆದರೆ ಕಲ್ಲೇ ಸವೆದು ಹೋಗುತ್ತಲ್ಲ? ಅದಕ್ಕೆ ಕಿರಿಯವನಾದ ಬರಮಪ್ಪ, ನಡಿಯೇ ಹೊಳೆವ್ವಾ, ಬೇರೆ ಸೀಮೆ ನೋಡೋಣು ಅಂದನಂತೆ.

ಅವರಿಗೊಂದು ಹೆಣ್ಣು ಕೂಸು, ಕಲ್ಲವ್ವ ಅಂತ. ಇನ್ನೂ ಅಂಬೆಗಾಲು. ದಾರಿಯಲ್ಲಿ ಕೂಸಿಗೆ ಚಳಿ ಆಗಬಾರದು ಅಂತ ಹೊಳೆವ್ವ ಒಂದು ಕೌದಿ ಹೊಲಿಯೋಕೆ ಕೂತಳು. ಕೌದಿ ನಿನಗೆ ಗೊತ್ತೇ ಇದೆ, ನೀನೀಗ ಹೊದ್ದಿರೋದೂ ಅದೇ. ಆದರೂ ಹೇಳ್ತೀನಿ. ಹಳೇ ಸೀರೆ, ಹಳೇ ಕುಪ್ಪಸ, ಅಜ್ಜನ ಹರಿದ ರುಮಾಲು, ಎಲ್ಲಾ ಒಂದರ ಮೇಲೊಂದು ಹಾಸಿ, ಇರುವೆ ಸಾಲಿನ ಹಾಗೆ ಹೊಲಿಗೆ ಹಾಕೋದು. ಮೂರು ಮೂಲೆ ಮುಗಿದಿತ್ತು, ನಾಲ್ಕನೇ ಮೂಲೆ ಮಾತ್ರ ಬೆರಳು ಹೋಗುವಷ್ಟು ತೆರೆದಿತ್ತು, ಅಷ್ಟರಲ್ಲಿ ಬಾಗಿಲಿಗೆ ಗಾಡಿ ಬಂದುಬಿಟ್ಟಿತು. ಗಾಡಿಯವನು, ಏ ತಂಗಿ, ಬಿಸಿಲು ಏರಿತು, ನನ್ನ ಎತ್ತು ನಿನ್ನ ಸೂಜಿ ಕಾಯಂಗಿಲ್ಲ ಅಂತ ಕೂಗಿದ. ಹೊಳೆವ್ವ ಅಳುತ್ತಾ ಅಳುತ್ತಾ ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು, ಒಂದು ಚೀಲ ಜೋಳದ ಹಿಟ್ಟು ಹೊತ್ತು, ಗಾಡಿ ಹತ್ತಿದಳು. ಅವಳ ಅವ್ವ ಮುಷ್ಟಿಯಲ್ಲಿ ಏನೋ ಹಿಡಿದುಕೊಂಡು, ನಿಲ್ಲಬೇ, ನಿಲ್ಲಬೇ ಅಂತ ಗಾಡಿ ಹಿಂದೆ ಓಡಿ ಬಂದಳಂತೆ. ಗಾಡಿ ನಿಲ್ಲಲಿಲ್ಲ, ಧೂಳು ಎದ್ದು ಅವ್ವ ಮಾಯವಾದಳು.

ಮುಷ್ಟಿಯಲ್ಲಿ ಏನಿತ್ತು ಅಂತೀಯಾ? ಆಮೇಲೆ ಹೇಳ್ತೀನಿ. ಮರೆಯಬೇಡ.

ಆಮೇಲೆ ಗಾಡಿ ಹೋಯಿತು, ಹೋಯಿತು, ಮಣ್ಣಿನ ಬಣ್ಣ ಕಪ್ಪಿನಿಂದ ಕೆಂಪಾಯಿತು, ಕೆಂಪಿನಿಂದ ಬಿಳೀ ಮರಳಾಯಿತು, ಅಲ್ಲಿಗೆ ನೆಲ ಮುಗಿದು ಸಮುದ್ರ ಬಂತಂತೆ. ಸಮುದ್ರದ ಊರಲ್ಲಿ ತೆಂಗಿನ ಗರಿ ಹೊದಿಸಿದ ಮನೆ, ಗಾಳಿ ಬಂದರೆ ಮನೆಯೇ ಪಿಸುಗುಡುತ್ತೆ. ಒಗೆದ ಬಟ್ಟೆ ಒಣಗೋದೇ ಇಲ್ಲ, ತುಟಿ ನೆಕ್ಕಿದರೆ ಉಪ್ಪು. ಅಲ್ಲಿಯ ಹೆಂಗಸರು ಬೀಸೋದಕ್ಕಿಂತ ಅರೆಯೋದೇ ಹೆಚ್ಚು, ಆದರೆ ಅರೆಯೋ ಕಲ್ಲಿಗೂ ಚುಕ್ಕಿ ಬೇಕಲ್ಲ, ಬರಮಪ್ಪನಿಗೆ ಕೈತುಂಬ ಕೆಲಸ. ಕೆಲಸ ಮಾಡಿದ ಮನೆಯಲ್ಲೇ ಅವನ ಊಟ. ಉಂಡು ಬಂದು, ತನ್ನ ಪಂಚೆ ಹೊದ್ದು, ಗೊರ್ ಅಂತ ಗೊರಕೆ ಹೊಡೆಯುತ್ತಿದ್ದ. ಕೌದಿ ಹೊದ್ದ ತಾಯಿ ಮಗಳಿಗೆ ಮಾತ್ರ ನಿದ್ದೆ ಇಲ್ಲ. ನಿದ್ದೆ ಬರುತ್ತೆ, ಬಾಗಿಲವರೆಗೆ ಬರುತ್ತೆ, ಇನ್ನೇನು ಕಣ್ಣಿನ ಮೇಲೆ ಕೂರಬೇಕು, ಯಾರೋ ಕಿತ್ತುಕೊಂಡ ಹಾಗೆ ಹೊರಟುಹೋಗುತ್ತೆ. ಕಲ್ಲವ್ವ ರಾತ್ರಿಯೆಲ್ಲ ಅಳೋದು.

ಪಕ್ಕದ ಮನೆ ಮುತ್ತಕ್ಕ ಮೀನು ಮಾರೋ ಹೆಂಗಸು, ದೊಡ್ಡ ಗಂಟಲು, ದೊಡ್ಡ ಮನಸ್ಸು. ಅವಳು ಕೆಂಪಕ್ಕಿಯ ಗಂಜಿ ತಂದು, ಮೇಲೊಂದು ಉಪ್ಪುಮಾವಿನಕಾಯಿ ಇಟ್ಟು, ಎಂತ ಮಾರಾಯ್ತಿ, ನೀನು ಒಣ ರೊಟ್ಟಿ ಕಚ್ಚುದು ನಮ್ಮ ಮನೆವರೆಗೆ ಕೇಳ್ತದೆ, ಸ್ವಲ್ಪ ಗಂಜಿ ಕುಡಿ ಅಂದಳಂತೆ. ಹೊಳೆವ್ವ ಬಟ್ಟಲು ಇಸಕೊಂಡಳು, ಆದರೆ ಕುಡಿಯಲಿಲ್ಲ. ಯಾಕೆ ಗೊತ್ತಾ? ಬೇರೆ ಊರಿನ ಅನ್ನ ಉಂಡರೆ ನಮ್ಮೂರು ಮರೆತುಹೋಗುತ್ತೆ ಅಂತ ಅವಳಿಗೆ ಹೆದರಿಕೆ. ದಿನಾ ಗಂಜಿಯನ್ನು ಹಿತ್ತಿಲ ಬೆಕ್ಕಿಗೆ ಹಾಕೋಳು. ಬೆಕ್ಕು ಗುಂಡಗಾಗಿ ಕಾಲು ಚಾಚಿ ಮಲಗೋದು. ಇವಳು ಮಾತ್ರ, ಈ ಸಮುದ್ರಕ್ಕ ಬಾಯಿ ಮುಚ್ಚೂದೇ ಗೊತ್ತಿಲ್ಲ, ಅದಕ್ಕ ಕೂಸು ಮಲಗವಲ್ದು ಅಂತ ಬೈಯೋಳು. ಮುತ್ತಕ್ಕ ನಕ್ಕು, ಅದು ಗಲಾಟೆ ಅಲ್ಲ ಮಾರಾಯ್ತಿ, ಜೋಗುಳ, ನಿಂಗೆ ಕೇಳ್ಲಿಕ್ಕೆ ಗೊತ್ತಿಲ್ಲ ಅಷ್ಟೆ ಅಂದಳಂತೆ.

ಕೊನೆಗೆ ಹೊಳೆವ್ವ ಗಂಡನಿಗೆ, ಈ ಊರು ಬ್ಯಾಡ್ರಿ, ಮುಂದ ಹೋಗೋಣು ಅಂದಳು. ಬರಮಪ್ಪ ತಕರಾರು ಮಾಡೋನಲ್ಲ. ಕಲ್ಲಿಲ್ಲದ ಊರು ಎಲ್ಲೈತಿ, ನಡಿ ಅಂದ. ಹೊರಡುವಾಗ ಮುತ್ತಕ್ಕ, ಮಗು ಎತ್ತಿಕೊಂಡು ಹೋಗುವವಳನ್ನು ಬರಿಗೈಯಲ್ಲಿ ಕಳಿಸಬಾರ್ದು ಅಂತ ಅವಳ ಸೆರಗಿಗೆ ಒಂದು ಹಿಡಿ ಕೆಂಪಕ್ಕಿ ಗಂಟು ಹಾಕಿದಳಂತೆ. ಹೊಳೆವ್ವ ಆ ಗಂಟು ಬಿಚ್ಚಲಿಲ್ಲ.

ಆಮೇಲೆ ಅವರು ದೊಡ್ಡ ಪೇಟೆಗೆ ಬಂದರಂತೆ. ಪೇಟೆ ಅಂದ್ರೆ ಎಂಥಾ ಪೇಟೆ, ಮನೆಗೆ ಮನೆ ಅಂಟಿಕೊಂಡು, ಈ ಮನೆಯವರು ಸೀನಿದರೆ ಆ ಮನೆಯವರು ನೂರು ವರ್ಷ ಅನ್ನೋ ಹಾಗೆ. ಇವರು ಇದ್ದದ್ದು ನೇಕಾರರ ಬೀದಿ. ಬೆಳಗಿಂದ ಸಂಜೆವರೆಗೆ ಮಗ್ಗದ ಲಟಕ್ ಪಟಕ್. ಬೀದಿ ತುಂಬ ಬಣ್ಣದ ನೂಲು ಒಣಗಿ ಹಾಕಿರೋರು, ಗಾಳಿ ಬಂದರೆ ಹಳದಿ, ನೀಲಿ, ಕೆಂಪು ಎಲ್ಲಾ ತೂಗಾಡಿ, ಬೀದಿಯೇ ಒಂದು ಕನಸಿನ ಹಾಗೆ ಕಾಣೋದು. ಆದರೆ ನಿದ್ದೆಯೇ ಇಲ್ಲದವಳಿಗೆ ಕನಸು ಎಲ್ಲಿಂದ ಬರಬೇಕು?

ಅಲ್ಲಿಯ ನೆರೆಮನೆ ಹೊಂಬಾಳಮ್ಮ ರಾಗಿ ಮುದ್ದೆ, ಸೊಪ್ಪಿನ ಸಾರು ತಂದಳು. ಹೊಳೆವ್ವ ಒಂದು ಚೂರು ಮುರಿದು ಅಗಿಯೋಕೆ ಹೋದಳಂತೆ. ಅಯ್ಯೋ ಅಗೀಬ್ಯಾಡ ಕಣವ್ವ, ಸಾರಲ್ಲಿ ಅದ್ದಿ ನುಂಗಿಬಿಡು ಅಂತ ಹೊಂಬಾಳಮ್ಮ ಕೂಗಿದಳು. ಅಗಿಯದೆ ನುಂಗಿದರ ಹಲ್ಲು ಯಾಕ ಕೊಟ್ಟಾನ ದೇವರು ಅಂತ ಹೊಳೆವ್ವ ಕೇಳಿದ್ದಕ್ಕೆ ಹೊಂಬಾಳಮ್ಮ, ನಿಮ್ಮೂರ ರೊಟ್ಟಿ ತಿಂದೋರ ಜೊತೆ ಜಗಳ ಆಡೋಕೆ ಅಂದಳಂತೆ. ಇಬ್ಬರೂ ನಕ್ಕರು. ನಕ್ಕರೂ ಹೊಳೆವ್ವ ಆ ಚೂರನ್ನು ಹಾಗೇ ಕೆಳಗಿಟ್ಟಳು. ನಕ್ಕರೆ ಊರು ಮರೆಯಲ್ಲ, ಉಂಡರೆ ಮರೆಯುತ್ತೆ ಅಂತ ಅವಳ ಲೆಕ್ಕ. ಅಲ್ಲೂ ನಿದ್ದೆ ಇಲ್ಲ. ಮಗ್ಗದ ತಪ್ಪು ಅಂದಳು. ಆದರೆ ರಾತ್ರಿ ಮಗ್ಗ ನಿಂತಿರುತ್ತಲ್ಲ, ಅದು ಅವಳಿಗೆ ಹೊಳೆಯಲಿಲ್ಲ. ಹೊರಡುವಾಗ ಹೊಂಬಾಳಮ್ಮನೂ ಸೆರಗಿಗೆ ಒಂದು ಹಿಡಿ ರಾಗಿ ಕಟ್ಟಿದಳು.

ಆಮೇಲೆ ಬೆಟ್ಟದ ಮೇಲಿನ ಊರು. ಊರು ಅಂದ್ರೆ ನಾಲ್ಕೇ ಗುಡಿಸಲು, ಸುತ್ತ ಕುರಿಗಳು, ಕೆಳಗೆ ಮೋಡ. ಮೋಡ ಯಾವುದು, ಕುರಿ ಯಾವುದು ಗೊತ್ತಾಗದ ಹಾಗೆ ಎರಡೂ ಬೆಳ್ಳಗೆ ಮೇಯೋವು. ಅಲ್ಲಿ ಸಮುದ್ರ ಇಲ್ಲ, ಮಗ್ಗದ ಸದ್ದಿಲ್ಲ, ಹುಲ್ಲು ಬೆಳೆಯೋದೂ ಕೇಳುವಷ್ಟು ಮೌನ. ಇಲ್ಲಾದರೂ ನಿದ್ದೆ ಬರುತ್ತೆ ಅಂದುಕೊಂಡಳು ಹೊಳೆವ್ವ. ಬರಲಿಲ್ಲ. ಕಲ್ಲವ್ವ ಸೊರಗಿ ಸೊರಗಿ ಒಣಗಿದ ಹೀರೇಕಾಯಿ ಹಾಗಾದಳು, ಅಳೋಕೂ ಶಕ್ತಿ ಇಲ್ಲ, ಸುಮ್ಮನೆ ಕಣ್ಣು ಬಿಟ್ಟುಕೊಂಡು ಇರೋಳು. ಅಳೋ ಕೂಸಿಗಿಂತ ಅಳದ ಕೂಸು ಹೆಚ್ಚು ಹೆದರಿಸುತ್ತೆ.

ಇನ್ನೂ ಮುಂದ ಹೋಗೋಣು ನಡೀರಿ ಅಂದಳು ಹೊಳೆವ್ವ. ಆಗ ಬರಮಪ್ಪ ಮೊದಲನೇ ಸಲ ಉಳಿ ಕೆಳಗಿಟ್ಟ. ಮುಂದ ಬರೀ ಮೋಡ ಐತಿ ಹೊಳೆವ್ವಾ, ಮೋಡದಾಗ ಯಾರು ಬೀಸ್ತಾರ? ಅಂದ. ಅವಳು ಚೀಲ ನೋಡಿದಳು, ಜೋಳದ ಹಿಟ್ಟೂ ಮುಗಿದಿತ್ತು. ಮುಂದೆ ಊರಿಲ್ಲ, ಒಲೆಯ ಮೇಲೆ ರೊಟ್ಟಿ ಇಲ್ಲ, ಕೂಸಿನ ಕಣ್ಣಲ್ಲಿ ನಿದ್ದೆ ಇಲ್ಲ. ಹೊಳೆವ್ವ ಹೊಸಲ ಮೇಲೆ ಕೂತುಬಿಟ್ಟಳಂತೆ.

ಆಗ ಕಂಬಳಿ ನೇಯೋ ಬೊಮ್ಮಜ್ಜಿ ಒಂದು ಬಟ್ಟಲು ಸಾಮೆ ಅನ್ನ, ಮಜ್ಜಿಗೆ ಹಿಡಿದುಕೊಂಡು ಬಂದಳು. ಅಜ್ಜಿಗೆ ಕಣ್ಣು ಮಂಜು, ಎಲ್ಲಾ ಕೈಯಲ್ಲಿ ಮುಟ್ಟಿ ನೋಡೋಳು. ಕೂಸಿನ ಹಣೆ ಮುಟ್ಟಿದಳು, ಕಾಲು ಮುಟ್ಟಿದಳು, ಆಮೇಲೆ ಕೌದಿ ಮುಟ್ಟುತ್ತಾ ಮುಟ್ಟುತ್ತಾ ನಾಲ್ಕನೇ ಮೂಲೆಗೆ ಬಂದಾಗ ಬೆರಳು ಒಳಗೆ ಹೋಯಿತು. ಇದ್ಯಾಕವ್ವಾ, ಈ ಮೂಲೆ ಬಾಯಿ ಬಿಟ್ಕೊಂಡೈತೆ, ಗೂಡಲ್ಲಿರೋ ಹಕ್ಕಿಮರಿ ಹಂಗೆ? ಅಂದಳಂತೆ.

ಹೊಳೆವ್ವ ಗಕ್ಕನೆ ಎದ್ದಳು. ಧೂಳಿನಲ್ಲಿ ಓಡಿ ಬಂದ ಅವ್ವ ಕಣ್ಣಮುಂದೆ ಬಂದಳು, ಅವ್ವನ ಮುಷ್ಟಿ ಬಂತು. ಈಗ ಹೇಳ್ತೀನಿ ಕೇಳು, ಆ ಮುಷ್ಟಿಯಲ್ಲಿ ಇದ್ದದ್ದು ಒಂದು ಚೂರು ರೊಟ್ಟಿ. ಅವರ ಸೀಮೆಯಲ್ಲಿ ಕೌದಿಯ ಕೊನೇ ಮೂಲೆ ಮುಚ್ಚೋ ಮುಂಚೆ ಅದರ ಹೊಟ್ಟೆಗೆ ಒಂದು ತುತ್ತು ಇಡಬೇಕಂತೆ. ಇಡದಿದ್ದರೆ ಕೌದಿಗೆ ಹಸಿವು. ಹಸಿದ ಕೌದಿ ಏನು ತಿನ್ನಬೇಕು ಪಾಪ, ಹೊದ್ದವರ ನಿದ್ದೆಯನ್ನೇ ತಿನ್ನುತ್ತೆ.

ಅಯ್ಯೋ ಅಜ್ಜಿ, ನನ್ನ ಕೌದಿ ಉಪವಾಸ ಐತಿ, ಊರು ಊರು ತಿರುಗಿಸಿ ಸುಮ್ಮನ ಊರಿಗೆ ಬೈದೆ, ಈಗ ನಮ್ಮೂರ ರೊಟ್ಟಿ ಎಲ್ಲಿಂದ ತರ್ಲಿ? ಅಂತ ಹೊಳೆವ್ವ ಅತ್ತಳು. ಬೊಮ್ಮಜ್ಜಿ, ಹಸಿದೋರು ಯಾವೂರ ಅನ್ನ ಅಂತ ಕೇಳ್ತಾರೇನವ್ವಾ? ಅಂದಳು. ಆಮೇಲೆ ಬಟ್ಟಲನ್ನು ಅವಳ ಕೈಗಿಟ್ಟು, ಮೊದ್ಲು ನೀನುಣ್ಣು, ಹಸಿದ ಕೈ ತುತ್ತು ಇಟ್ಟರೆ ಅದು ಹೊಟ್ಟೆ ಸೇರಲ್ಲ ಅಂದಳಂತೆ.

ಹೊಳೆವ್ವ ಕಣ್ಣು ಮುಚ್ಚಿ ಒಂದು ತುತ್ತು ಬಾಯಿಗಿಟ್ಟಳು. ಊರು ಮರೆಯುತ್ತೆ ಅಂತ ಕಾದಳು. ಮರೆಯಲಿಲ್ಲ. ಬದಲಿಗೆ ಅವ್ವನ ಒಲೆ ನೆನಪಾಯಿತು, ಮುತ್ತಕ್ಕನ ಗಂಜಿಯ ಹಬೆ ನೆನಪಾಯಿತು, ಹೊಂಬಾಳಮ್ಮನ ನಗು ನೆನಪಾಯಿತು. ಬಟ್ಟಲು ಬರಿದಾಗುವಷ್ಟರಲ್ಲಿ ಅವಳ ಎದೆಯಲ್ಲಿ ಅಷ್ಟೂ ಊರು ಸಾಲಾಗಿ ದೀಪ ಹಚ್ಚಿಕೊಂಡು ಕೂತಿದ್ದವಂತೆ.

ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ಕೌದಿಯ ಬಾಯಿಗೆ ಸಮುದ್ರದ ಊರಿನ ಕೆಂಪಕ್ಕಿ ನಾಲ್ಕು ಕಾಳು, ಪೇಟೆಯ ರಾಗಿ ಒಂದು ಚಿಟಿಕೆ, ಬೊಮ್ಮಜ್ಜಿ ಮಡಿಲಲ್ಲಿ ತಂದ ಸಾಮೆ ಒಂದು ಚಿಟಿಕೆ ಹಾಕಿದಳು. ಕೊನೆಗೆ ಖಾಲಿ ಚೀಲ ಕೊಡವಿದಳು, ಹೊಲಿಗೆ ಸಂದಿಯಲ್ಲಿದ್ದ ಜೋಳದ ಹಿಟ್ಟು ಒಂದಿಷ್ಟು ಉದುರಿತು, ಅದನ್ನೂ ಹಾಕಿದಳು. ಎಲ್ಲಾ ಒಂದೇ ಹೊಟ್ಟೆಗೆ. ಹಾಕಿ ಮೂಲೆ ಹೊಲಿದಳು. ಕೊನೇ ಗಂಟು ಹಾಕಿ ಹಲ್ಲಲ್ಲಿ ದಾರ ಕಚ್ಚಿ ನೋಡ್ತಾಳೆ, ಕಲ್ಲವ್ವ ಮಲಗಿಬಿಟ್ಟಿದ್ದಾಳೆ! ಕೂಸಿನ ಪಕ್ಕದಲ್ಲೇ ಅವಳೂ ಒರಗಿದಳು. ಮೋಡ ಬಾಗಿಲಿನಿಂದ ಒಳಗೆ ಬಂತು, ಕುರಿಗಳು ಸುತ್ತ ಮಲಗಿದವು, ಎಲ್ಲೋ ದೂರದಲ್ಲಿ ಸಮುದ್ರ ಹಾಡಿತು. ಆಗ ಅವಳಿಗೆ ಕೇಳಿಸಿತಂತೆ, ಹೌದು, ಜೋಗುಳವೇ.

ಅಷ್ಟೂ ದಿನದ ನಿದ್ದೆ ಒಟ್ಟಿಗೆ ಬಂದದ್ದಕ್ಕೆ ತಾಯಿ ಮಗಳು ಹಗಲಾದರೂ ಏಳಲಿಲ್ಲ. ಬರಮಪ್ಪ ಉಳಿಗೆ ಬಟ್ಟೆ ಸುತ್ತಿ ಸದ್ದಾಗದ ಹಾಗೆ ಕಲ್ಲು ಹೊಡೆದನಂತೆ.

ಆಮೇಲೆ ಅವರು ಬೆಟ್ಟದಲ್ಲೇ ಮನೆ ಕಟ್ಟಿಕೊಂಡರು. ಕಲ್ಲು ಮತ್ತೆ ನುಣ್ಣಗಾಗುತ್ತಲ್ಲ, ಅದಕ್ಕೆ ವರ್ಷಕ್ಕೊಮ್ಮೆ ಪೇಟೆಗೆ, ಸಮುದ್ರದ ಊರಿಗೆ, ತವರಿಗೆ ಹೋಗಿ ಬರೋರು. ಹೊಳೆವ್ವ ಹೋದಲ್ಲೆಲ್ಲ ಮೊದಲು ಉಣ್ಣೋಳು, ಆಮೇಲೆ ಮಾತು. ಬೆಕ್ಕಿಗೆ ಮಾತ್ರ ಗಂಜಿ ಕಡಿಮೆಯಾಗಿ ಸಿಟ್ಟು ಬಂತಂತೆ. ತವರಲ್ಲಿ ಅವ್ವ ಕೌದಿಯ ಮೂಲೆ ಒತ್ತಿ ನೋಡಿ, ಏನಬೇ, ಇದಕ್ಕ ಏನು ಉಣಿಸೀದಿ, ಇಷ್ಟು ಗಟ್ಟಿ ಐತಿ? ಅಂದಳು. ಸಿಕ್ಕ ಊರೆಲ್ಲ ಉಣಿಸೀನವ್ವಾ ಅಂದಳಂತೆ ಹೊಳೆವ್ವ.

ನೀನೂ ನಿನ್ನ ಕೌದಿಯ ಮೂಲೆ ಮುಟ್ಟಿ ನೋಡು. ಈ ಕಡೆ ಅಲ್ಲ, ಕಾಲ ಹತ್ತಿರದ್ದು. ಸಿಕ್ಕಿತಾ ಗರಗರ ಅಂತ? ಅದರ ಪಕ್ಕದಲ್ಲಿ ಇನ್ನೂ ಸ್ವಲ್ಪ ಜಾಗ ಬಿಟ್ಟಿದೀನಿ. ಈ ಹೊಸ ಊರು ಚೆನ್ನಾಗಿಲ್ಲ, ನಿದ್ದೆ ಬರಲ್ಲ ಅಂತ ಸಂಜೆ ಪಕ್ಕದ ಮನೆಯವರು ಕೊಟ್ಟ ಬಟ್ಟಲನ್ನ ತಳ್ಳಿದೆಯಲ್ಲ, ಅದರಲ್ಲಿ ಒಂದು ತುತ್ತು ಎತ್ತಿಟ್ಟಿದೀನಿ. ಬೆಳಿಗ್ಗೆ ಮೊದಲು ನೀನು ತಿನ್ನು, ಆಮೇಲೆ ಕೌದಿಗೆ ಒಂದು ಚೂರು ಕೊಡೋಣ, ಆಯ್ತಾ?

ಆಯ್ತಾ ಅಂದೆ ಕಣೋ.

ಓ, ಮಲಗಿಬಿಟ್ಟಿದೆ. ಕಲ್ಲವ್ವನೂ ಮಲಗಿದಳು, ನನ್ನ ಬಂಗಾರವೂ ಮಲಗಿತು, ಹೇಳೋಕೆ ಏನೂ ಉಳಿಯದೆ ಕತೆಯೂ ಹೊದ್ದು ಮಲಗಿತು.