ಹಾಲುಗಂಬಕ್ಕೆ ಹೋದ ಮೂವರು ಸೋದರಮಾವಂದಿರು

ಗೋಡೆ ಕಡೆ ಸರ್ಕೋ ಚಂಪೂ, ಕಾಲು ಒದೀಬೇಡ. ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿನೂ ಹುಟ್ಟಿರದ ಕಾಲದಲ್ಲಿ, ಬೊಮ್ಮನಾಯಕ ಅಂತ ಒಬ್ಬ ಪಾಳೇಗಾರ ಇದ್ನಂತೆ. ಅವನ ಊರಿನ ಬೆನ್ನಿಗೇ ಒಂದು ಗುಡ್ಡ, ಇಳಿಜಾರಿನ ತುಂಬ ಹಾಲುವಾಣದ ಮರ, ಹೂ ಬಿಟ್ರೆ ಗುಡ್ಡಕ್ಕೆ ಗುಡ್ಡವೇ ಕೆಂಪಗಾಗ್ತಿತ್ತಂತೆ. ಆ ಮರಗಳ ಬೇರು ಮಣ್ಣು ಹಿಡ್ಕೊಂಡಿದ್ದಕ್ಕೇ ಕೆಳಗಿನ ಊರು ಉಳ್ಕೊಂಡಿತ್ತು. ಅದಕ್ಕೇ ಅಲ್ಲಿ ಯಾರೂ ಕೊಡಲಿ ಎತ್ತೋ ಹಾಗಿರ್ಲಿಲ್ಲ. ಮದುವೆ ಬಂದಾಗ ಮಾತ್ರ ಹೆಣ್ಣಿನ ಸೋದರಮಾವ ಹೋಗಿ, ಬುಡಕ್ಕೆ ಹಾಲೆರೆದು, ತಾಯೀ ಕೊಡ್ತೀಯಾ ಅಂತ ಕೇಳಿ, ಒಂದೇ ಒಂದು ಕೊಂಬೆ ಕಡ್ಕೊಂಡು ಬರ್ಬೇಕು. ಅದೇ ಚಪ್ಪರದ ಹಾಲುಗಂಬ. ನಿಮ್ಮಮ್ಮನ ಮದುವೇಲಿ ನನ್ನ ತಮ್ಮ ತಂದಿದ್ನಲ್ಲ, ಹಂಗೆ.

ಬೊಮ್ಮನಾಯಕನಿಗೆ ಒಬ್ಬಳೇ ಮಗಳು, ಪುಟ್ಟಮ್ಮಣ್ಣಿ. ತಾಯಿ ಇಲ್ದಿದ್ರೂ ಸೋದರಮಾವಂದಿರು ಮೂವರಿದ್ರು: ದೊಡ್ಡಮಾವ, ನಡುಮಾವ, ಚಿಕ್ಕಮಾವ. ಹುಡುಗಿಗೆ ಮದುವೆ ಗೊತ್ತಾಯ್ತು, ಆಮೇಲೆ ನಾಯಕ ನೆಂಟರನ್ನ ಕರೆಯೋಕೆ ಊರೂರು ತಿರುಗಿ, ವಾಪಸ್ ಬಂದು, ಊರಬಾಗಿಲಲ್ಲಿ ತಲೆಯೆತ್ತಿ ನೋಡ್ತಾನೆ, ಅಯ್ಯಯ್ಯೋ, ಗುಡ್ಡವೇ ಬೋಳು! ಎಲ್ಲಿ ನೋಡಿದ್ರೂ ಬರೀ ಬೊಡ್ಡೆ. ಗಿಣಿಗಳು ಕೂರೋಕೆ ಜಾಗ ಇಲ್ದೆ ಮೇಲೇ ಸುತ್ತುತಿದ್ದವಂತೆ. ಆ ಗಾಬರೀಲೇ ನಾಯಕ ಊರ ಮುಂದೆ ಆಣೆ ಇಟ್ಟುಬಿಟ್ಟ. ಇದನ್ನ ಕಡಿದವರು ಯಾರೇ ಆಗ್ಲಿ, ಈ ಗುಡ್ಡ ಮತ್ತೆ ಚಿಗುರೋ ತನಕ ಅವರ ಮನೇಲಾಗ್ಲಿ ಅವರ ನೆಂಟರ ಮನೇಲಾಗ್ಲಿ ಮದುವೆ ಚಪ್ಪರ ಏಳಕೂಡದು ಅಂದ. ದುಡುಕಿಬಿಟ್ಟ ಪಾಪ.

ಆಮೇಲೆ ಎಷ್ಟು ಹಾಳಾಗಿದೆ ನೋಡ್ಕೊಂಡು ಬರೋಕೆ ನಂಬಿಕಸ್ಥರು ಬೇಕಲ್ಲ, ಮೂವರು ಭಾವಮೈದುನರನ್ನೇ ಕರೆದು, ಒಬ್ಬೊಬ್ಬರೇ ಹೋಗಿ ನೆತ್ತಿಯಿಂದ ಬುಡದ ತನಕ ನೋಡಿ ಬನ್ನಿ ಅಂದ.

ದೊಡ್ಡಮಾವ ಹೋಗಿ ಬಂದ. ಭಾವ, ಗುಡ್ಡದ ನಡು ಹೋಯ್ತು, ಬುಡ ಹೋಯ್ತು, ಒರತೆಗೆಲ್ಲ ಕೆಸರು ಇಳಿದಿದೆ, ಯಾವ ಪಾಪಿ ಮಾಡಿದ್ನೋ ಅಂತ ಗೊಳೋ ಅಂದ. ನೆತ್ತಿ ಹೆಂಗಿದೆಯಪ್ಪಾ ಅಂದ್ರೆ, ಅಲ್ಲಿ ಅಂಥಾ ನಷ್ಟ ಏನಿಲ್ಲ ಬಿಡಿ ಅಂದ.

ಆಮೇಲೆ ನಡುಮಾವ ಹೋದ. ಬಂದವನೇ ಜಗಲಿ ಮೇಲೆ ಕುಸಿದು ಕೂತ. ನೆತ್ತಿ ಬೋಳು ಭಾವ, ಬುಡವೂ ಬೋಳು, ಗೂಡು ಬಿದ್ದು ಮರಿಗಳೆಲ್ಲ ನೆಲದಲ್ಲಿ ಬಾಯಿ ಬಿಡ್ತಿವೆ, ನೋಡೋಕಾಗಲ್ಲ ಅಂದ. ನಡು? ನಡು ಚೆನ್ನಾಗೇ ಇದೆ ಅಂದ.

ಆಮೇಲೆ ಚಿಕ್ಕಮಾವ ಹೋದ. ಅವನಂತೂ ಓಡೋಡಿ ಬಂದ. ನೀರು ಕುಡಿಸಿ ಕೇಳಿದ್ರೆ, ನೆತ್ತಿ ನಡು ಎರಡೂ ಹೋಗಿವೆ, ಕಾಲಿಟ್ಟ ಕಡೆ ಮಣ್ಣು ಜಾರುತ್ತೆ, ಒಂದು ದೊಡ್ಡ ಮಳೆ ಬಂದ್ರೆ ಗುಡ್ಡ ಊರ ಮೇಲೇ ಬಂದು ಕೂರುತ್ತೆ ಭಾವ ಅಂದ. ಬುಡಕ್ಕೆ ಮಾತ್ರ ಏನೂ ಆಗಿಲ್ಲವಂತೆ.

ನಾಯಕನಿಗೆ ತಲೆಬುಡ ತಿಳೀಲಿಲ್ಲ. ಕಂಬಕ್ಕೆ ಒರಗಿ ಕೇಳ್ತಿದ್ದ ಪುಟ್ಟಮ್ಮಣ್ಣಿ ಮೆಲ್ಲಗೆ ಅಂದ್ಲಂತೆ: ಅಪ್ಪಾಜಿ, ಒಬ್ಬೊಬ್ಬ ಮಾವನಿಗೂ ಒಂದೊಂದು ಕಡೆ ಮಾತ್ರ ಹಾಳಾಗಿದ್ದು ಕಾಣ್ಲಿಲ್ಲ. ತಾವು ಕಡಿಸಿದ ಕಡೆ ಕಾಣ್ಲಿಲ್ಲ.

ಮೂವರೂ ತಲೆ ತಗ್ಗಿಸಿದ್ರು. ಒಂದು ಹಾಲುಗಂಬ ಏನು, ಸೋದರಸೊಸೆಯ ಚಪ್ಪರವೆಲ್ಲ ನಾನು ತಂದ ಮರದ್ದೇ ಆಗ್ಬೇಕು ಅಂತ ಒಬ್ಬರಿಗೊಬ್ಬರು ಹೇಳದೆ ಕದ್ದು ಕಡಿಸಿ, ತಂತಮ್ಮ ಹಿತ್ತಲಲ್ಲಿ ಒಟ್ಟಿದ್ರಂತೆ. ನಾನು ಇಷ್ಟು ತಗೊಂಡ್ರೆ ಏನಾಯ್ತು, ಉಳಿದ ಗುಡ್ಡ ಇರುತ್ತಲ್ಲ ಅಂದ್ಕೊಂಡಿದ್ರಂತೆ. ಅಷ್ಟು ಮರಕ್ಕೆ ಎಷ್ಟು ಹಾಲು ಎರೆಯೋದು ಅಂತ ಯಾರೂ ಕೇಳಿಯೇ ಇರ್ಲಿಲ್ಲ. ಹಂಗಾದ್ರೆ ಪಕ್ಕದಲ್ಲಿ ಬೋಳಾದದ್ದು ಕಾಣ್ಲಿಲ್ವಾ ಅಂತೀಯಾ? ಕದ್ದು ಕಡಿಯೋನು ತಲೆ ಬಗ್ಗಿಸ್ಕೊಂಡು ಕಡೀತಾನೆ ಕಣೆ, ಆಚೀಚೆ ನೋಡಲ್ಲ.

ನಾಯಕ ಇಟ್ಟ ಆಣೆ ಸುತ್ತಿ ಬಂದು ಅವನ ಮಗಳ ತಲೆ ಮೇಲೇ ಬಿತ್ತಲ್ಲ! ಗಾಬರೀಲಿ ಆಡಿದ ಮಾತು, ಬಿಟ್ಟುಬಿಡ್ತೀನಿ ಕಂದ ಅಂದ. ಅವಳು ಒಪ್ಪಲಿಲ್ಲ. ಊರಿಗೊಂದು ಆಣೆ, ನಮಗೊಂದು ಆಣೆನಾ ಅಪ್ಪಾಜಿ, ಗುಡ್ಡ ಚಿಗುರ್ಲಿ, ಆಮೇಲೇ ಮದುವೆ ಅಂದ್ಲು. ಕಣ್ಣಲ್ಲಿ ನೀರಿತ್ತಂತೆ, ಆದ್ರೂ ಅಂದ್ಲು.

ಆಮೇಲೆ ಮಾವಂದಿರ ಹಿತ್ತಲಿಗೆ ಹೋಗಿ ನೋಡ್ತಾಳೆ, ಹಾಲುವಾಣ ಏನು ಸಾಮಾನ್ಯದ ಮರವೇ? ಕಡಿದು ನೆಟ್ರೂ ಚಿಗುರುತ್ತೆ, ಒಟ್ಟಿದ ಕಂಬಗಳ ಗಿಣ್ಣುಗಿಣ್ಣಿನಲ್ಲೂ ಸಣ್ಣ ಮೊಳಕೆ! ಎತ್ತಿ ಮಾವಂದಿರೇ, ಎಲ್ಲಿಂದ ತಂದ್ರೋ ಅಲ್ಲಿಗೇ ಅಂದ್ಲು. ಆಳುಗಳನ್ನ ಮುಟ್ಟಗೊಡಲಿಲ್ಲ. ಮೂವರೂ ಹೆಗಲ ಮೇಲೆ ಹೊತ್ತು ಹೊತ್ತು, ಹೆಗಲ ತೊಗಲು ಸುಲಿದು, ಬೊಡ್ಡೆಬೊಡ್ಡೆಯ ಪಕ್ಕ ಗುಂಡಿ ತೋಡಿ ನೆಟ್ಟು, ಹಾಲೆರೆದು, ತಾಯೀ ತಪ್ಪಾಯ್ತು ಅಂತ ಒಂದೊಂದು ಕಂಬಕ್ಕೂ ಹೇಳಿದ್ರಂತೆ. ಅಷ್ಟರಲ್ಲಿ ಮಳೆ ಬಂತು. ಊರಿಗೆ ಊರೇ ಗುಡ್ಡ ನೋಡ್ತಾ ನಿಂತಿತ್ತು. ಮಣ್ಣು ಹರೀತು, ಕಲ್ಲು ಉರುಳ್ತು, ಆದ್ರೆ ಗುಡ್ಡ ನಿಲ್ತು. ಮಳೆ ಬಿಟ್ಟ ಮೇಲೆ ನೋಡಿದ್ರೆ ಬುಡದಿಂದ ನೆತ್ತಿ ತನಕ ಎಳೇ ಹಸಿರು ಎಲೆ.

ಗಂಡಿನ ಕಡೆಯವರೂ ಕಾದಿದ್ರಂತೆ, ಒಳ್ಳೇ ಜನ. ಮದುವೆ ದಿನ ನಾಯಕ ಭಾವಮೈದುನರನ್ನ ಕರೆದು, ಹೋಗ್ರಪ್ಪಾ, ಕೇಳಿ ಒಂದು ಕೊಂಬೆ ತನ್ನಿ ಅಂದ. ಮೂವರಲ್ಲಿ ಒಬ್ಬನಿಗೂ ಕೊಡಲಿ ಎತ್ತೋಕೆ ಕೈ ಬರ್ಲಿಲ್ಲ. ಕೊನೆಗೆ ಪುಟ್ಟಮ್ಮಣ್ಣಿಯೇ ಹಾಲಿನ ಚೊಂಬು ಹಿಡ್ಕೊಂಡು ಗುಡ್ಡ ಹತ್ತಿದ್ಲು, ದಿಬ್ಬಣವೂ ಅವಳ ಹಿಂದೆ ಹೋಯ್ತು, ನೆಟ್ಟ ಕಂಬಗಳೇ ಹಾಲುಗಂಬ ಅಂತ ಅವುಗಳ ನಡುವೆಯೇ ಮದುವೆಯ ಧಾರೆ ಎರೆದ್ರು. ಅವತ್ತಿಂದ ಆ ಊರಲ್ಲಿ ಹಾಲುಗಂಬ ಮನೆಗೆ ಬರಲ್ಲವಂತೆ, ಮದುವೆಯೇ ಗುಡ್ಡಕ್ಕೆ ಹೋಗುತ್ತಂತೆ. ಅಲ್ಲಿಗೆ ಕತೆ ಮುಗೀತು, ಹೊದ್ದು ಮಲ್ಕೋ ನನ್ನವ್ವ.