ಒಂಬತ್ತೊಲೆ ದಿಣ್ಣೆ

ಬೆಂಚಿನಾಳ ಊರಿನ ಬಡಗಣ ದಿಕ್ಕಿಗೆ, ಹಳ್ಳ ದಾಟಿದ ಕೂಡಲೇ ಸಿಗುವ ಕೆಂಪು ಮಣ್ಣಿನ ಎತ್ತರಕ್ಕೆ ಒಂಬತ್ತೊಲೆ ದಿಣ್ಣೆ ಎಂದು ಹೆಸರು. ಈಗ ಅಲ್ಲಿ ಮನೆಗಳಿಲ್ಲ. ಜಾಲಿ, ಕವಳಿ ಗಿಡಗಳು ಬೆಳೆದಿವೆ. ಕುರಿ ಕಾಯುವವರು ಮಧ್ಯಾಹ್ನ ಬುತ್ತಿ ಬಿಚ್ಚುತ್ತಾರೆ. ಸರ್ಕಾರದ ನಕಾಶೆಯಲ್ಲಿ ಅದಕ್ಕೆ ಬರೀ ಸರ್ವೆ ನಂಬರು ಉಂಟು. ಊರಿನಲ್ಲಿ ಮಾತ್ರ ಯಾರನ್ನು ಕೇಳಿದರೂ ಈ ಹೆಸರನ್ನೇ ಹೇಳುತ್ತಾರೆ. ಕೇಳುವವರಿಗೆ ಪುರುಸೊತ್ತಿದ್ದರೆ ಸೂಲಗಿತ್ತಿ ನಿಂಬೆವ್ವನ ಸಂಗತಿಯನ್ನೂ ಹೇಳುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆ ದೇಸಾಯಿಯರ ಕೈಯಲ್ಲಿದ್ದಾಗ, ಬಡಗಣ ನಾಡಿನಲ್ಲಿ ಎರಡು ದಂಡುಗಳು ಕಾದಾಡಿ ಹತ್ತಾರು ಹಳ್ಳಿಗಳು ಸುಟ್ಟುಹೋದವು. ಅಲ್ಲಿಂದ ತಪ್ಪಿಸಿಕೊಂಡ ಒಂಬತ್ತು ನೇಕಾರ ಕುಟುಂಬಗಳು ಹದಿಮೂರು ದಿನ ನಡೆದು ಈ ದಿಣ್ಣೆಯ ಮೇಲೆ ಬಂದು ಕುಳಿತವು ಎನ್ನುತ್ತಾರೆ. ಮುಂದೆ ನಡೆಯುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಊರಿನವರು ಈಚೆ ದಡದಲ್ಲಿ ನಿಂತು ನೋಡಿದರು. ಅವರು ಆಚೆಯಿಂದ ನೋಡಿದರು. ಯಾರೂ ಹಳ್ಳ ದಾಟಲಿಲ್ಲ. ಆ ಗುಂಪಿನಲ್ಲಿ ಒಬ್ಬಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಆ ಕೂಗು ಕಿವಿಗೆ ಬಿದ್ದದ್ದೇ ನಿಂಬೆವ್ವ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಜಾಲಿ ನೆರಳಲ್ಲಿ ಹೆರಿಗೆ ಮಾಡಿಸಿ, ಹೆಣ್ಣು ಕೂಸನ್ನು ತಾಯಿಯ ಪಕ್ಕದಲ್ಲಿ ಮಲಗಿಸಿ, ಒದ್ದೆ ಸೀರೆಯಲ್ಲೇ ದ್ಯಾಮನಗೌಡನ ಕಟ್ಟೆಗೆ ಬಂದಳು.

"ಅವರನ್ನ ಇಲ್ಲೇ ಇಟ್ಕೋಬೇಕು ಗೌಡ್ರ," ಎಂದಳು.

ಗೌಡ ಕೆಟ್ಟವನಲ್ಲ. "ದೇಸಾಯರ ಕಟ್ಟಳಿ ನಿನಗೂ ಗೊತ್ತದ ಅವ್ವಾ. ಸೂರು, ಉರಿಯೋ ಒಲಿ ಇದ್ದವರು ಒಕ್ಕಲು. ಇಲ್ಲದವರನ್ನ ಸೀಮಿ ದಾಟಿಸಬೇಕು. ಮೂರನೇ ದಿನ ಸಂಜಿಗೆ ಒಕ್ಕಲು ಎಣಿಸಲಿಕ್ಕ ಅವರ ಕಾರಭಾರಿ ಬರ್ತಾನ," ಎಂದ.

"ಹಂಗಾದ್ರ ಮೂರು ದಿನ ಐತಲ್ಲ," ಎಂದು ನಿಂಬೆವ್ವ ಎದ್ದಳು.

ಅವಳು ಮನೆಮನೆಯ ಬಾಗಿಲಿಗೆ ಹೋದಳು. "ಜ್ವಾಳ ಬ್ಯಾಡ. ನಿಮ್ಮ ಮನಿಯಿಂದ ಒಂದು ಆಳು ಕೊಡ್ರಿ," ಎಂದಷ್ಟೇ ಕೇಳಿದಳು. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು, ಇಲ್ಲವೆನ್ನುವುದು ಸುಲಭವಿರಲಿಲ್ಲ. ಮೊದಲ ದಿನ ಹನ್ನೊಂದು ಜನ ಬಂದರು. ಮರುದಿನ ನಲವತ್ತು. ಮೂರನೆಯ ದಿನ ಗೌಡನೇ ಗಳಗಳನ್ನು ಬಂಡಿಯಲ್ಲಿ ಹೇರಿಕೊಂಡು ಬಂದ. ಗೋಡೆ ಮೆತ್ತುವುದು, ಹುಲ್ಲು ಹೊದಿಸುವುದು ಒಂದು ಕೆಲಸವಾದರೆ, ಬಂದವರ ಜೊತೆ ಇರುವುದು ಇನ್ನೊಂದು. ಒಂದೊಂದು ಕುಟುಂಬಕ್ಕೆ ಊರಿನ ಒಂದೊಂದು ಮನೆಯನ್ನು ನಿಂಬೆವ್ವ ಜೊತೆ ಮಾಡಿದಳು. ಸಿಹಿನೀರಿನ ಬಾವಿ ಯಾವುದು, ಹಾಯುವ ಹೋರಿ ಯಾರದ್ದು, ಸಂತೆ ಯಾವ ದಿನ ಎಂಬುದನ್ನೆಲ್ಲ ಆ ಮನೆಯವರೇ ಹೇಳಿಕೊಡಬೇಕು. ಬಂದವರ ಕನ್ನಡ ತುಸು ಬೇರೆ; ಎರಡು ಕಡೆಯವರೂ ಒಬ್ಬರ ಮಾತಿಗೆ ಒಬ್ಬರು ನಕ್ಕರು. ತಮ್ಮ ಊರು ಬಿಟ್ಟ ಮೇಲೆ ಆ ಜನ ನಕ್ಕದ್ದು ಅದೇ ಮೊದಲಂತೆ.

ಮೂರನೆಯ ದಿನ ಇಳಿಹೊತ್ತಿಗೆ ಒಂಬತ್ತು ಗುಡಿಸಲು ನಿಂತವು. ಊರಿನ ಹೆಂಗಸರು ತಮ್ಮ ಒಲೆಯ ಕೆಂಡವನ್ನು ಒಡೆದ ಮಡಕೆಯ ಬೋಕಿಯಲ್ಲಿ ತಂದು ಎಂಟು ಒಲೆ ಹೊತ್ತಿಸಿಕೊಟ್ಟರು. ಒಂಬತ್ತನೆಯ ಗುಡಿಸಲಿನವಳು ಸಂಕವ್ವ. ಬರುವ ದಾರಿಯಲ್ಲಿ ಹೊಳೆ ದಾಟುವ ಗದ್ದಲದಲ್ಲಿ ಅವಳ ಗಂಡನೂ ಮಗನೂ ಹಿಂದೆ ಉಳಿದಿದ್ದರು. ಅವಳು ಒಲೆಗಲ್ಲಿನ ಮುಂದೆ ಸುಮ್ಮನೆ ಕುಳಿತಿದ್ದಳು.

"ಇಲ್ಲಿ ಒಲಿ ಹಚ್ಚಿದ್ರ, ಅವರು ಬರೂದಿಲ್ಲಂತ ನಾನೇ ಒಪ್ಪಿಕೊಂಡಂಗ ಆಗತದ," ಎಂದಳು.

ಅಷ್ಟರಲ್ಲಿ ಹಳ್ಳದ ಆಚೆ ಕಾರಭಾರಿಯ ಕುದುರೆ ಕಾಣಿಸಿತು. ಊರಿನವನೊಬ್ಬ ಅವಸರದಿಂದ ಅವಳ ಒಲೆಗೆ ಕೆಂಡ ಸುರಿಯಲು ಬಗ್ಗಿದ. ನಿಂಬೆವ್ವ ಅವನ ಕೈ ಹಿಡಿದಳು. "ಬಿಡು. ಅದು ಅಕಿ ಒಲಿ." ಬಳಿಕ ಸಂಕವ್ವನ ಪಕ್ಕದಲ್ಲೇ ಕುಳಿತು, "ಅವರು ಹುಡುಕ್ಕೋತ ಬಂದ್ರ ಏನು ನೋಡಿ ಬರಬೇಕು ಯವ್ವಾ?" ಎಂದಳು.

ಸಂಕವ್ವ ತಲೆಯೆತ್ತಿ ಬಡಗಣ ದಿಕ್ಕಿಗೆ ನೋಡಿದಳು. ಆಮೇಲೆ ಕೇಳಿದಳು: "ಇಲ್ಲಿಂದ ನಾವು ಬಂದ ದಾರಿಗೆ ಹೊಗಿ ಕಾಣತದೇನು?"

"ಇಲ್ಲಿಂದ ಕಾಣಂಗಿಲ್ಲ," ಎಂದಳು ನಿಂಬೆವ್ವ. ಅವಳು ಸುಳ್ಳು ಹೇಳುವವಳಲ್ಲ. "ಆ ತುದಿಯಿಂದ ಕಾಣತದ."

ಇಬ್ಬರೂ ಮೂರು ಕಲ್ಲುಗಳನ್ನು ಹೊತ್ತು ದಿಣ್ಣೆಯ ತುದಿಗೆ ಒಯ್ದರು. ಸಂಕವ್ವ ತನ್ನ ಕೈಯಿಂದಲೇ ಬೆಂಕಿ ಮಾಡಿದಳು. ಕಾರಭಾರಿ ಬಂದು ಗುಡಿಸಲುಗಳನ್ನು ಒಂದೊಂದಾಗಿ ನೋಡಿದ. ಬಯಲಲ್ಲಿ ಉರಿಯುತ್ತಿದ್ದ ಒಲೆಯೆದುರು ನಿಂತು, "ಇದಕ್ಕ ಸೂರೆಲ್ಲಿ?" ಎಂದ.

"ಮನಿ ಅಲ್ಲೈತ್ರಿ," ಎಂದು ಗೌಡ ಕೈ ತೋರಿಸಿದ. "ಅಡಿಗಿ ಹೊರಗ ಮಾಡತಾಳ."

ಕಾರಭಾರಿ ಹೊಗೆಗೆ ಕಣ್ಣುಜ್ಜಿಕೊಂಡು ಕಾರಕೂನನ ಕಡೆ ತಿರುಗಿದ. "ಒಂಬತ್ತು ಒಕ್ಕಲು ಅಂತ ಬರಿ."

ಸಂಕವ್ವನ ಗಂಡ ಬರಲಿಲ್ಲ. ಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಮಗ ಒಬ್ಬನೇ ಬಂದ. ದಾರಿಯಲ್ಲಿ ಹೋಗುತ್ತಿದ್ದವನು ಎತ್ತರದಲ್ಲಿ ಹೊಗೆ ಕಂಡು, ನೀರಾದರೂ ಸಿಕ್ಕೀತೆಂದು ಇತ್ತ ತಿರುಗಿದನಂತೆ. ಕಾಲಾಂತರದಲ್ಲಿ ಆ ಕುಟುಂಬಗಳು ಊರೊಳಗೇ ಮನೆ ಕಟ್ಟಿಕೊಂಡವು. ಈಗ ಬೆಂಚಿನಾಳದಲ್ಲಿ ಅವರ ವಂಶದವರು ಯಾರು, ಮೂಲದವರು ಯಾರು ಎಂದು ಕೇಳಿದರೆ ಹಿರಿಯರಿಗೂ ಹೇಳಲು ಬರುವುದಿಲ್ಲ.

ದಿಣ್ಣೆ ಹತ್ತಿದವರಿಗೆ ನಡುವಿನ ಬಯಲಿನಲ್ಲಿ ಎಂಟು ಕಡೆ ಮಣ್ಣಲ್ಲಿ ಹೂತ ಕಲ್ಲುಗಳು ಕಾಣುತ್ತವೆ. ಒಂಬತ್ತನೆಯ ಒಲೆ ಗುಂಪಿನಲ್ಲಿಲ್ಲ. ಅದಕ್ಕೆ ಬಡಗಣ ತುದಿಯವರೆಗೆ ನಡೆಯಬೇಕು. ಅಲ್ಲಿ ನಿಂತರೆ ದಾರಿ ಎರಡು ಹರದಾರಿಯವರೆಗೆ ಕಾಣುತ್ತದೆ; ಬರುವವರು ಯಾರೇ ಇರಲಿ, ದೂರದಿಂದಲೇ ಗುರುತು ಸಿಗುತ್ತದೆ.