ಹಿಮದಲ್ಲಿಟ್ಟ ನಿಂಬೆಹಣ್ಣು

ಗದಗಿನ ನೀಲವ್ವ ಮನಾಲಿಯ ಮೇಲಿನ ಗುಡ್ಡದಲ್ಲಿ ಪ್ರವಾಸಿಗಳಿಗೆ ರೊಟ್ಟಿ ಊಟದ ಖಾನಾವಳಿ ಇಟ್ಟಿದ್ದಳು. ಮೊಣಕಾಲುದ್ದ ಹಿಮದಲ್ಲಿ ಸಾಮಾನು ಹೊತ್ತು ಸಾಕಾಗಿ, ಹಿಮದಲ್ಲಿ ಓಡುವ ದಪ್ಪ ಗಾಲಿಯ ಹಳೇ ಬೈಕು ಕೊಳ್ಳಲು, ಹಳೇ ಗಾಡಿ ಮಾರುವ ನೇಗಿ ಸಾಹೇಬನ ಅಂಗಳಕ್ಕೆ ಬಂದಳು.

ನೇಗಿ ಮಿರಮಿರ ಮಿಂಚುವ ಕೆಂಪು ಗಾಡಿ ತೋರಿಸಿದ. ಹಿಮದಲ್ಲಿ ಓಡಿಸಿ ತೋರಿಸಿ ಎಂದರೆ ಗದರಿದ.

"ಹೆಂಗಸರಿಗೆ ಗಾಡಿ ವಿಷಯ ಏನು ಗೊತ್ತು? ನನ್ನ ಮಾತೇ ಗ್ಯಾರಂಟಿ. ಸುಮ್ಮನೆ ತಗೊಂಡು ಹೋಗು!"

"ಆತ್ರಿ. ಆದ್ರ ಪೂಜಿ ಮಾಡದ ನಾ ಗಾಡಿ ಒಯ್ಯಂಗಿಲ್ರಿ."

ನೀಲವ್ವ ಚೀಲದಿಂದ ಹಾರ ತೆಗೆದು ಗಾಡಿಗೆ ಹಾಕಿದಳು. ನಿಂಬೆಹಣ್ಣುಗಳನ್ನು ಮಾತ್ರ ಗುಡಿಸಿದ ಅಂಗಳದಲ್ಲಿ ಇಡಲಿಲ್ಲ. ಆಚೆಯ ಹಿಮದಲ್ಲಿ ಇಟ್ಟು ಬಂದಳು.

"ಮಾರೋರೇ ಗಾಡಿ ಹತ್ತಿಸಿ ಒಡೀಬೇಕ್ರಿ."

ಪೂಜೆಗೆ ಒಲ್ಲೆ ಅನ್ನುವುದು ಹೇಗೆ? ನೇಗಿ ಗಾಡಿ ಏರಿದ. ಹಿಮಕ್ಕೆ ಇಳಿದದ್ದೇ ತಡ, ಗಾಡಿ ಗುರ್ ಎಂದು ನಿಂತಲ್ಲೇ ಗಾಲಿ ತಿರುಗಿಸುತ್ತ ಹೂತುಕೊಂಡಿತು. ನಿಂಬೆಹಣ್ಣು ಇನ್ನೂ ಮಾರು ದೂರ.

ನೇಗಿಯ ಕೂಗಿಗೆ ಆಳು ಹಿಂದಿನ ಶೆಡ್ಡಿನಿಂದ ಬಣ್ಣ ಹೋದ ಗಾಡಿಯೊಂದನ್ನು ತಂದ. ಅದು ಹಿಮ ಸೀಳಿಕೊಂಡು, ನಿಂಬೆಹಣ್ಣು ಅಪ್ಪಚ್ಚಿ ಮಾಡಿ, ಕೆಂಪು ಗಾಡಿಯನ್ನು ಹಗ್ಗದಿಂದ ಎಳೆದು ಹಾಕಿತು.

ನೀಲವ್ವ ಕೆಂಪು ಗಾಡಿಯ ಹಾರ ತೆಗೆದು ಬಣ್ಣ ಹೋದ ಗಾಡಿಗೆ ಹಾಕಿದಳು.

"ಏಯ್, ಅದು ಮಾರೋದಲ್ಲ! ನಾನು ಓಡಾಡೋ ಗಾಡಿ!"

"ಅದಕ್ಕಂತನ ಅದು ಬೇಕ್ರಿ ನನಗ."